ಶಾಲೆಯ ಮಾಡಿನ ಮೇಲೆ ಬೀಳುವ ಮಳೆಯನ್ನು ಮಕ್ಕಳೇ ಅಳೆಯಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಶಾಲೆಗಳ ಸ್ಥಿತಿ ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ಬಗೆ. ಶೃಂಗೇರಿ, ಕೊಪ್ಪ, ಮೂಡಿಗೆರೆ, ಕಳಸದ ಕಡೆ ಧಾರಾಕಾರ ಮಳೆಯೆಂದು ಶಾಲೆಗಳಿಗೆ ರಜೆ ಘೋಷಿಸಿದ ವಾರದಲ್ಲೇ ಕಡೂರಿನ ರೈತರು ಬಿತ್ತಿದ ಹೊಲದ ಬದುವಿನಲ್ಲಿ ನಿಂತು ಮೋಡ ನೋಡುತ್ತಿರುವುದುಂಟು. ಆದರೂ ಎರಡೂ ಕಡೆಯ ಮಕ್ಕಳು ಓದುವ ಪರಿಸರ ಪಾಠ ಒಂದೇ. ಜೂನ್ 5ರಂದು ನಡೆಯುವ ಸಸಿ ನೆಡುವ ಕಾರ್ಯಕ್ರಮ ಮತ್ತು ಅದರ ಫೋಟೊ ಕೂಡ ಹೆಚ್ಚುಕಡಿಮೆ ಒಂದೇ.

ಆದೇಶಗಳಿಗೇನೂ ಕೊರತೆಯಿಲ್ಲ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ನಿರ್ದೇಶನ ನೀಡಿತು. 2001-02ರಿಂದ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಹುಟ್ಟಿಕೊಂಡವು. ಈಚೆಗೆ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ವೂ ಬಂದಿದೆ. ಇಷ್ಟಾದರೂ ತನ್ನ ಶಾಲೆಯ ಅಂಗಳಕ್ಕೆ ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ, ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಏಳನೇ ತರಗತಿಯ ಮಗುವೊಂದು ಉತ್ತರ ಹೇಳಬಲ್ಲ ಶಾಲೆಗಳು ನಮ್ಮಲ್ಲಿ ವಿರಳ. ಪರಿಸರ ಶಿಕ್ಷಣ ಈ ಪ್ರಶ್ನೆಯಿಂದಲೇ ಆರಂಭವಾಗಬೇಕೆಂಬುದು ನನ್ನ ವಿನಂತಿ.

ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಾಫಿ ತೋಟಗಳಲ್ಲಿ ಮಳೆಮಾಪಕವಿಟ್ಟು ದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಬಹಳ ಹಿಂದಿನದು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಯಾವಾಗ ಬಿತ್ತು, ಎಷ್ಟು ಬಿತ್ತು ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವುದರಿಂದ ಬೆಳೆಗಾರರು ಸಂಜೆಯ ಮಾತಿನಲ್ಲೂ ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದೇ ವಿಚಾರಿಸುತ್ತಾರೆ. ಅದೇ ತೋಟದ ಬೇಲಿಯಾಚೆಗಿನ ಸರ್ಕಾರಿ ಶಾಲೆಯಲ್ಲಿ ಮಾತ್ರ ಮಳೆಯೆಂದರೆ ಪ್ರಬಂಧದ ವಿಷಯ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ಬೋರಲು ಹಾಕಿದರೆ ಮಕ್ಕಳ ಕೈಯಲ್ಲೇ ಒಂದು ಮಾಪಕ ಸಿದ್ಧವಾಗುತ್ತದೆ. ಅದನ್ನು ಮರದ ನೆರಳು ಮತ್ತು ಸೂರಿನಿಂದ ದೂರ ಇಟ್ಟು, ಪ್ರತಿದಿನ ಒಂದೇ ವೇಳೆಗೆ ನೋಡಿ ಬರೆಯಬೇಕು, ಅಷ್ಟೆ. ನೂರು ಸೆಂಟು ಸೇರಿದರೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್, ಗಣಿತದ ಮೇಷ್ಟರಿಗೂ ಇದರಲ್ಲಿ ಕೆಲಸವಿದೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಎರಡು ಕೊಠಡಿ, ಒಂದು ಜಗಲಿಯ ಶಾಲೆಯ ಮಾಡು ಸುಮಾರು 100 ಚದರ ಮೀಟರ್ ಎಂದುಕೊಳ್ಳೋಣ. ಕಡೂರಿನಂಥ ಬಯಲುಸೀಮೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೂ ಆ ಮಾಡಿನ ಮೇಲೆ 60 ಸಾವಿರ ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಆವಿಯಾಗಿಯೋ ಸೋರಿಯೋ ಹೋಯಿತೆಂದರೂ 48 ಸಾವಿರ ಲೀಟರ್ ಉಳಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾಯುವ ಶಾಲೆಯ ಮಕ್ಕಳು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ತಾವೇ ಹಾಕಿ ನೋಡಿದರೆ, ತೊಟ್ಟಿ ಎಷ್ಟು ದೊಡ್ಡದಿರಬೇಕು, ಉಳಿದದ್ದನ್ನು ಕೊಳವೆಬಾವಿಯ ಬಳಿ ಹೇಗೆ ಇಂಗಿಸಬೇಕು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಅದೇ ಅಳತೆಯ ಮಾಡು ಮೂಡಿಗೆರೆ ಕಡೆ ಇದ್ದು 2,000 ಮಿಲಿಮೀಟರ್ ಮಳೆ ಸುರಿದರೆ ಎರಡು ಲಕ್ಷ ಲೀಟರ್ ಆಗುತ್ತದೆ. ಅಲ್ಲಿ ಇಷ್ಟು ನೀರನ್ನು ಶಾಲೆಯ ಹಿಂದಿನ ಧರೆ ಕುಸಿಯದಂತೆ, ಅಡಿಪಾಯ ಕೊರೆಯದಂತೆ ಯಾವ ದಾರಿಯಲ್ಲಿ ಹೊರಗೆ ಕಳಿಸುವುದು ಎಂಬುದೇ ಮುಖ್ಯ ಚಿಂತೆ. ಸೂತ್ರ ಒಂದೇ ಆದರೂ ಎರಡು ತಾಲ್ಲೂಕುಗಳ ಮಕ್ಕಳು ಎರಡು ಬೇರೆ ಉತ್ತರಗಳಿಗೆ ತಲುಪುತ್ತಾರೆ. ಪಠ್ಯಪುಸ್ತಕದಿಂದ ಇದು ಸಾಧ್ಯವಿಲ್ಲ.

2018ರ ಆಗಸ್ಟ್‌ನಲ್ಲಿ ಸಕಲೇಶಪುರದ ಕಡೆ, ಮರುವರ್ಷ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದದ್ದನ್ನು ಯಾರೂ ಮರೆತಿರಲಾರರು. ನೆಲದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ಒರತೆಯ ನೀರು, ವಾಲುತ್ತಿರುವ ಮರ ಅಥವಾ ಕಂಬ ಇವೆಲ್ಲ ಮುನ್ಸೂಚನೆಗಳೆಂದು ಮಲೆನಾಡಿನ ಮಕ್ಕಳಿಗೆ ತಿಳಿದಿರಬೇಕು. ಮಳೆಗಾಲಕ್ಕೆ ಮುನ್ನ ಶಿಕ್ಷಕರೊಂದಿಗೆ ಶಾಲೆಯ ಸುತ್ತ ಒಂದು ಸುತ್ತು ಬಂದು, ಮಾಡಿನ ಮೇಲೆ ಚಾಚಿದ ಒಣ ಕೊಂಬೆ, ಮುಚ್ಚಿಹೋದ ಚರಂಡಿ, ದಾಟಿ ಬರಬೇಕಾದ ಹಳ್ಳದ ಕಾಲುಸಂಕದ ಸ್ಥಿತಿಯನ್ನು ಮಕ್ಕಳು ಪಟ್ಟಿ ಮಾಡಿ ಪಂಚಾಯಿತಿಗೆ ಕೊಟ್ಟರೆ, ಅದು ಯಾವ ಚಿತ್ರಕಲಾ ಸ್ಪರ್ಧೆಗಿಂತಲೂ ಮೇಲಾದ ಪರಿಸರ ದಿನಾಚರಣೆ.

ಕಟ್ಟಿಕೊಟ್ಟು ಹೋಗುವುದರಿಂದ ಏನಾಗುತ್ತದೆ ಎಂಬುದಕ್ಕೆ ಸುವರ್ಣಜಲ ಯೋಜನೆ ಸಾಕ್ಷಿ. ಕರ್ನಾಟಕ ಏಕೀಕರಣದ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಸಾವಿರಾರು ಗ್ರಾಮೀಣ ಶಾಲೆಗಳಿಗೆ ಮಳೆನೀರಿನ ತೊಟ್ಟಿಗಳನ್ನು ಒದಗಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಶೋಧಕ ತೊಳೆಯುವವರಿಲ್ಲದೆ, ಮುರಿದ ಪೈಪು ಜೋಡಿಸುವವರಿಲ್ಲದೆ ಅನೇಕ ಕಡೆ ಅವು ಪಾಳುಬಿದ್ದವು. ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು, ಮಾಡಿನ ಮೇಲಿನ ದರಗು ಗುಡಿಸುವುದು, ತೊಟ್ಟಿಯ ಮುಚ್ಚಳ ಸರಿಯಿದೆಯೇ ಎಂದು ನೋಡುವುದು ಯಾರ ಹೊಣೆ ಎಂದು ಆಗ ಬರೆದಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಸಸಿಗಳ ಪಾಡೂ ಇದೇ. ಜೂನ್‌ನಲ್ಲಿ ನೆಟ್ಟದ್ದು ದೀಪಾವಳಿಯವರೆಗೆ ಹೇಗೋ ಬದುಕುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಾಗ ಬಯಲುಸೀಮೆಯಲ್ಲಿ ಒಣಗುತ್ತದೆ. ಹತ್ತಾರು ಸಸಿ ನೆಡುವ ಬದಲು ಬೇವು, ಹೊಂಗೆ, ನೇರಳೆ, ನುಗ್ಗೆಯಂಥ ನಾಲ್ಕೈದನ್ನೇ ಆರಿಸಿ, ರಜೆಯಲ್ಲಿ ನೀರುಣಿಸುವ ಹೊಣೆಯನ್ನು ಹತ್ತಿರದ ಮನೆಗಳಿಗೆ ಒಪ್ಪಿಸಿದರೆ ಸಾಕು. ಬಿಸಿಯೂಟದ ತಟ್ಟೆ ತೊಳೆದ ನೀರು ಕೈತೋಟದ ಬಸಳೆಗೆ ಹರಿಯಲಿ, ಆ ಬಸಳೆ ಸಾರಿಗೆ ಬರಲಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೈಯಾರೆ ಕಲಿಯುವುದೆಂಬ ಹೆಸರಿನಲ್ಲಿ ಮಕ್ಕಳನ್ನು ಕೂಲಿಯಾಳುಗಳಂತೆ ದುಡಿಸುವುದು ಸಲ್ಲದು. ಶೌಚಾಲಯ ಶುಚಿಗೊಳಿಸಲು ಮಕ್ಕಳನ್ನು ಬಳಸಬಾರದೆಂದು ಸರ್ಕಾರವೇ ಸುತ್ತೋಲೆ ಹೊರಡಿಸಬೇಕಾಗಿ ಬಂದ ರಾಜ್ಯ ನಮ್ಮದು. ಇಂಥ ಕೆಲಸ ಯಾವ ಮಕ್ಕಳ ಪಾಲಿಗೆ ಬರುತ್ತಿತ್ತು ಎಂಬುದೂ ನಮಗೆ ಗೊತ್ತಿದೆ. ಮಾಡು ಹತ್ತುವುದು, ತೊಟ್ಟಿಗಿಳಿಯುವುದು, ಚರಂಡಿ ತೆಗೆಯುವುದು ದೊಡ್ಡವರ ಕೆಲಸ. ಅಳೆಯುವುದು, ಬರೆಯುವುದು, ನೆಡುವುದು, ಪ್ರಶ್ನಿಸುವುದು ಮಕ್ಕಳದು, ಅದೂ ಸರದಿಯಂತೆ ಎಲ್ಲರದು. ಶಿಕ್ಷಕರ ಮೇಲೂ ಇನ್ನೊಂದು ಆ್ಯಪ್, ಇನ್ನೊಂದು ವರದಿಯ ಭಾರ ಹೇರಬಾರದು. ಒಬ್ಬರೇ ಶಿಕ್ಷಕರಿರುವ ಮಲೆನಾಡಿನ ಶಾಲೆಯಲ್ಲಿ ಒಂದು ನೋಟ್‌ಬುಕ್ ಸಾಕು.

ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮತ್ತು ಜಿಲ್ಲಾ ಪಂಚಾಯಿತಿ ಸೇರಿ ಮೊದಲ ವರ್ಷ ಹೋಬಳಿಗೊಂದು ಶಾಲೆಯಲ್ಲಿ ಇದನ್ನು ಆರಂಭಿಸಬಹುದು. ತಿಂಗಳಿಗೊಂದು ‘ಸಂಭ್ರಮ ಶನಿವಾರ’ವನ್ನು ಇದಕ್ಕೆ ಮೀಸಲಿಡಲಿ, ಪಾಳುಬಿದ್ದ ತೊಟ್ಟಿಗಳ ದುರಸ್ತಿಯನ್ನು ಗ್ರಾಮ ಪಂಚಾಯಿತಿ ವಹಿಸಿಕೊಳ್ಳಲಿ, ರಜೆಯ ನಿರ್ವಹಣೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ಸದಸ್ಯರನ್ನು ಹೆಸರಿಸಿ ಹೊಣೆ ಮಾಡಲಿ. ಮಾಪಕಗಳು ಮುಂದಿನ ಹೂಮಳೆಗೆ ಮೊದಲೇ ಶಾಲೆಯಂಗಳದಲ್ಲಿ ನಿಲ್ಲಬೇಕಾದರೆ ಆದೇಶ ಜನವರಿಯೊಳಗೆ ಹೊರಡಬೇಕು.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಚಿಕ್ಕಮಗಳೂರು