ಲಗ್ನಪತ್ರಿಕೆ ಕೈಯಲ್ಲಿ ಮಾಡಿ, ಆದರೆ ದುಡ್ಡು ಉಳಿಸಲಿಕ್ಕೆ ಅಂತ ಬೇಡ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ, ಮನೆಯಲ್ಲೇ ಲಗ್ನಪತ್ರಿಕೆ ಮಾಡಿಕೊಳ್ಳುವ ಬಗ್ಗೆ ಬಂದ ಬರಹ ಓದಿದೆ. ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ, ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ ಎಂದು ಬರೆದಿದ್ದರು. ಬರೆದವರು ಮಾಡಿ ನೋಡಿದಂತಿಲ್ಲ. ನಾವು ಮಾಡಿದ್ದೇವೆ, ಹೋದ ವರ್ಷ ಮಗಳ ಮದುವೆಗೆ. ಅದಕ್ಕೇ ಈ ಪತ್ರ.

ಮೊದಲು ಒಂದು ತಿದ್ದುಪಡಿ. ಬರಹದ ಜೊತೆಗಿನ ಫೋಟೊ ಕೆಳಗೆ ‘ಮಲೆನಾಡಿನ ಹಸೆ ಚಿತ್ತಾರ’ ಎಂದು ಹಾಕಿದ್ದೀರಿ. ಅದು ವಾರ್ಲಿ ಚಿತ್ರ. ಎರಡು ತ್ರಿಕೋನ ಸೇರಿಸಿ ಮಾಡಿದ ಮೈ, ಕಡ್ಡಿಯಂಥ ಕೈಕಾಲು, ಸುತ್ತುಗಟ್ಟಿ ಕುಣಿಯುವ ಜನ, ಇದೆಲ್ಲ ಮಹಾರಾಷ್ಟ್ರದ ಕಡೆಯದು. ಚೆಂದವೇ ಇದೆ, ಅದರ ಮೇಲೆ ನನ್ನ ತಕರಾರಿಲ್ಲ. ನಮ್ಮ ಹಸೆಯಲ್ಲಿ ಎಳೆಯೇ ಮುಖ್ಯ. ನೇರ ಎಳೆ, ಓರೆ ಎಳೆ, ಒಂದರ ಪಕ್ಕ ಒಂದು, ಕೂದಲಷ್ಟು ಜಾಗ ಬಿಟ್ಟು. ಸಾಗರ, ಸೊರಬದ ಕಡೆ ದೀವರ ಸಮುದಾಯದವರ ಮನೆಗಳಲ್ಲಿ ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆಗೆ ಹೆಂಗಸರು ಇದನ್ನು ಬರೆಯುತ್ತಾರೆ, ಮದುಮಕ್ಕಳನ್ನು ಅದರ ಮುಂದೆ ಕೂರಿಸುತ್ತಾರೆ. ಮೊದಲಿಂದಲೂ ಇದು ಮದುವೆಯ ಚಿತ್ರವೇ ಅಲ್ವಾ, ಗೋಡೆ ಮೇಲಿನದ್ದನ್ನು ಪತ್ರಿಕೆಗೂ ಯಾಕೆ ತರಬಾರದು ಅಂತ ನನ್ನ ಮಗಳು ಕೇಳಿದಳು. ಬರೆಯಲು ಮನೆಯಲ್ಲೇ ನಮ್ಮತ್ತೆ ಇದ್ದರು. ಎಪ್ಪತ್ತು ದಾಟಿದೆ, ಆದರೂ ಕೈ ನಡುಗುವುದಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಅತ್ತೆ ಅಕ್ಕಿ ನೆನೆಸಿ ಅರೆದು ಬಿಳಿ ಬಣ್ಣ ಮಾಡಿದರು, ಅಕ್ಕಿ ಕರಿದಾಗುವಷ್ಟು ಹುರಿದು ಕಪ್ಪು ಮಾಡಿದರು, ಪುಂಡಿ ನಾರಿನ ಕುಂಚ ಕಟ್ಟಿಕೊಂಡು ಕೂತರು. ಕೆಂಪು ಕಾಗದದ ಮೇಲೆ ಬಿಳಿ ಎಳೆ ಎಷ್ಟು ಚೆನ್ನಾಗಿ ಕಂಡಿತೆಂದರೆ ನಾವೆಲ್ಲ ಫೋಟೊ ತೆಗೆದುಕೊಂಡೆವು. ಒಣಗಿದ ಮೇಲೆ ಮಗಳು ಕಾರ್ಡ್ ಮಡಚಿದಳು. ಮಡಚಿದ ಜಾಗದಲ್ಲಿ ಎಳೆಯೆಲ್ಲ ಬಿರುಕು ಬಿಟ್ಟು ಹಿಟ್ಟಿನ ಹಾಗೆ ಮಡಿಲಿಗೆ ಉದುರಿತು. ಅತ್ತೆ ಸುಮ್ನೆ ಒಂದು ಮಾತು ಹೇಳಿದರು: “ಗೋಡೆನ ಯಾರಾದ್ರೂ ಮಡಚ್ತಾರೇನೆ ಮಗಾ? ಮಡಚೋ ಜಾಗದಲ್ಲಿ ಯಾಕೆ ಬರೆಸಿದೆ?” ಆಮೇಲೆ ಬಣ್ಣಕ್ಕೆ ಸ್ವಲ್ಪ ಗೋಂದು ಕಲಸಿದೆವು, ಮಡಚುವ ಗೆರೆಯಿಂದ ಎರಡು ಬೆರಳು ದೂರಕ್ಕೆ ಚಿತ್ತಾರ ನಿಲ್ಲಿಸಿದೆವು. ಮತ್ತೆ ಉದುರಲಿಲ್ಲ. ದಪ್ಪ ಕಾಗದ ಹಾಗೇ ಮಡಚಿದರೆ ಅಂಚು ಸೀಳುತ್ತದೆ, ಸ್ಕೇಲ್ ಇಟ್ಟು ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆದುಕೊಂಡು ಆಮೇಲೆ ಮಡಚಬೇಕು. ಇದು ನಿಮ್ಮ ಬರಹದಲ್ಲಿ ಇರಲಿಲ್ಲ.

ಇನ್ನು ಸಮಯದ ಲೆಕ್ಕ. ಒಂದು ಕಾರ್ಡಿಗೆ ಅತ್ತೆಗೆ 20 ನಿಮಿಷ ಬೇಕು. ಮೊದಲು 150 ಕಾರ್ಡ್ ಅಂದುಕೊಂಡಿದ್ದೆವು. ಅಂದರೆ 50 ಗಂಟೆ! ದಿನಕ್ಕೆ ಮೂರು ಗಂಟೆ ಕೂತರೂ 17 ದಿನ, ಅದೂ ಮದುವೆ ಮನೆಯಲ್ಲಿ, ಆ ವಯಸ್ಸಿನವರು. ಕೊನೆಗೆ 60ಕ್ಕೆ ಇಳಿಸಿದೆವು, ಒಂದು ವಾರ ಹಿಡಿಯಿತು. ಉಳಿದವರಿಗೆ ಅದೇ ಕಾರ್ಡಿನ ಫೋಟೊ ವಾಟ್ಸ್ಯಾಪ್‌ನಲ್ಲಿ ಹೋಯಿತು. ಕಾರ್ಡ್ ಮಾಡುವುದಕ್ಕಿಂತ ಆ 60 ಮನೆ ಯಾವುದು ಅಂತ ಆರಿಸುವುದೇ ಕಷ್ಟವಾಯಿತು ನೋಡಿ. ನಮ್ಮನೆಯವರ ಚಿಕ್ಕಪ್ಪ ಒಬ್ಬರು, ನಮಗಾದರೆ ಮೊಬೈಲು, ಅವರಿಗಾದರೆ ಚಿತ್ತಾರವಾ ಎಂದು ಮೂರು ತಿಂಗಳು ಮಾತು ಬಿಟ್ಟಿದ್ದರು. ಹೇಳಿಕೆಗೆ ಮನೆಗೇ ಹೋಗಿ ಅರಿಶಿಣ ಕುಂಕುಮ ಕೊಟ್ಟು ಕರೆದು ಬಂದಿದ್ದೆವು, ಆದರೂ.

ಅಕ್ಷರ ಮಾತ್ರ ಕೈಯಲ್ಲಿ ಬರೆಯಲು ಹೋಗಬೇಡಿ. ಮಗಳು ಹಟ ಮಾಡಿ ಬರೆದಳು, ಮೊದಲ ಹನ್ನೊಂದು ಕಾರ್ಡಿನಲ್ಲಿ ಗುರುವಾರ ಇರಬೇಕಾದಲ್ಲಿ ಶುಕ್ರವಾರ. ಅಷ್ಟೂ ದಂಡ. ಆಮೇಲೆ ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆ ಹೋದರೆ ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ಕನ್ನಡದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಪಿಡಿಎಫ್ ಮಾಡಿ ಕೊಟ್ಟ ಮೇಲೆ ಸರಿ ಬಂತು. ದಪ್ಪ ಕಾಗದ ಮಶೀನಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಒಂದೊಂದೇ ಹಾಳೆ ಕೈಯಿಂದ ಹಾಕಿಸಬೇಕು. ಮತ್ತೆ ಮರೆಯಬೇಡಿ, ಮೊದಲು ಪ್ರಿಂಟು, ಆಮೇಲೆ ಚಿತ್ತಾರ. ಉಲ್ಟಾ ಮಾಡಿದರೆ ಬಣ್ಣವೆಲ್ಲ ಮಶೀನಿನ ಪಾಲು.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಕಾಗದ, ಕವರು, ಪ್ರಿಂಟು, ದಂಡವಾದದ್ದು ಎಲ್ಲ ಸೇರಿಸಿ ನೋಡಿದರೆ ಪೇಟೆಯ ಸಾದಾ ಕಾರ್ಡಿಗಿಂತ ನಮ್ಮದೇ ಜಾಸ್ತಿ ಬಿತ್ತು. ಅತ್ತೆಯ ಕೂಲಿ ಇದರಲ್ಲಿ ಸೇರಿಲ್ಲ, ಅದನ್ನು ಯಾರು ಕೊಡುತ್ತಾರೆ! ಅಂಚೆಯಲ್ಲಿ ಇನ್ನೊಂದು ಪಾಠ ಕಲಿತೆವು. ನಾವು ತಂದದ್ದು 250 ಜಿಎಸ್‌ಎಂ ಕಾಗದ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವಂಥದ್ದು. ಎ4 ಹಾಳೆ ಮಡಚಿ ಕವರಿಗೆ ಹಾಕಿದರೆ 22 ಗ್ರಾಂ ತೂಗಿತು. 5 ರೂಪಾಯಿ ಚೀಟಿಗೆ ಹೋಗುವುದು 20 ಗ್ರಾಂವರೆಗೆ ಮಾತ್ರ, ಎರಡು ಗ್ರಾಂ ಮೇಲೆ ಹೋದದ್ದಕ್ಕೆ ಇನ್ನೊಂದು 5 ರೂಪಾಯಿ. ಇದು ಗೊತ್ತಾಗುವ ಮೊದಲೇ ನಾಲ್ಕು ಪತ್ರಿಕೆ ಡಬ್ಬಿಗೆ ಬಿದ್ದಿದ್ದವು. ಹುಬ್ಬಳ್ಳಿಯ ನನ್ನ ತಂಗಿ ಬೇರಿಂಗ್, ಅಂದರೆ ಚೀಟಿ ಸಾಲದ ಪತ್ರದ ದಂಡ, ಕೊಟ್ಟು ಬಿಡಿಸಿಕೊಂಡಳು, ಕಡಿಮೆ ಬಿದ್ದದ್ದರ ಎರಡರಷ್ಟು, ಅಂದರೆ 10 ರೂಪಾಯಿ. “ಅಕ್ಕಾ, ಮದುವೆಗೆ ಕರೆದು ದುಡ್ಡೂ ವಸೂಲಿ ಮಾಡ್ತಿದ್ದೀಯಲ್ಲೇ” ಎಂದು ಈಗಲೂ ಆಡಿಕೊಳ್ಳುತ್ತಾಳೆ. 200 ಜಿಎಸ್‌ಎಂ ತಂದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ, ಮಡಚುವುದೂ ಸುಲಭ.

ಹಾಗಾದರೆ ಯಾಕೆ ಮಾಡಿದಿರಿ ಎಂದು ಕೇಳಬಹುದು. ಆ ಒಂದು ವಾರ ನಮ್ಮ ಜಗಲಿಯಲ್ಲಿ ಟಿವಿ ಹಚ್ಚಿರಲಿಲ್ಲ. ಅತ್ತೆ ಎಳೆ ಎಳೆಯುವುದು, ಮಗಳು ಪಕ್ಕದಲ್ಲಿ ಕೂತು ಅದರಂತೇ ಎಳೆಯಲು ಹೋಗಿ ಕೆಡಿಸುವುದು, ನಾನು ಕವರಿನ ಮೇಲೆ ಒಂದೊಂದೇ ಹೆಸರು ಬರೆಯುತ್ತ ಇವರು ಯಾರ ಕಡೆಯವರು ಎಂದು ಕೇಳಿದರೆ ಅತ್ತೆ ಕುಂಚ ನಿಲ್ಲಿಸದೆ ಮೂರು ತಲೆಮಾರು ಹೇಳುವುದು. ನಲವತ್ತನೇ ಕಾರ್ಡಿನ ಹೊತ್ತಿಗೆ ಮಗಳ ಎಳೆ ನೆಟ್ಟಗೆ ಬಂತು. ಕೊನೆಯ ಹತ್ತು ಅವಳೇ ಬರೆದದ್ದು, ಯಾವುದು ಯಾರದ್ದು ಅಂತ ನನಗೂ ಗೊತ್ತಾಗುವುದಿಲ್ಲ. ಈಗ ಪೇಟೆಯಲ್ಲಿ ‘ಹ್ಯಾಂಡ್‌ಮೇಡ್’ ಅಂತ ಅಚ್ಚು ಹಾಕಿದ ಕಾರ್ಡನ್ನು ಡಬ್ಬದಲ್ಲಿಟ್ಟು ದ್ರಾಕ್ಷಿ ಗೋಡಂಬಿ ಜೊತೆ ನೂರಾರು ರೂಪಾಯಿಗೆ ಮಾರುತ್ತಾರಲ್ಲ, ಅದನ್ನು ನೋಡಿದರೆ ನಗು ಬರುತ್ತದೆ.

ಕೈಯಲ್ಲಿ ಮಾಡುವವರಿಗೆ ಇನ್ನೆರಡು ಮಾತು. ಕಾರ್ಡಿನ ಮೂಲೆಗೆ ಅರಿಶಿಣ ಹಚ್ಚುವುದಿದ್ದರೆ ಪತ್ರಿಕೆ ಕೊಡಲು ಹೋಗುವ ದಿನವೇ ಹಚ್ಚಿ. ಹಸಿ ಅರಿಶಿಣ ಹಚ್ಚಿ ಪೇರಿಸಿಟ್ಟು ನಾವು ಆರು ಕಾರ್ಡ್ ಹಾಳು ಮಾಡಿಕೊಂಡೆವು. ಇನ್ನೊಂದು, ನಾಲ್ಕೈದು ಕಾರ್ಡ್ ಎತ್ತಿಡಿ. ಮದುವೆ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ, ಅದಕ್ಕಾಗಿ ಹುಡುಗ ಹುಡುಗಿಯ ಪೂರ್ತಿ ಹೆಸರು, ತಾರೀಖು, ಜಾಗ ಸರಿಯಾಗಿ ಇರಬೇಕು, ಬರೀ ಕವಿತೆ ಬರೆದರೆ ಆಗುವುದಿಲ್ಲ. ನಮ್ಮದನ್ನು ಅಲ್ಲಿಯ ಗುಮಾಸ್ತರು ತಿರುಗಿಸಿ ತಿರುಗಿಸಿ ನೋಡಿದರು, ಇದನ್ನು ಫೈಲಿಗೆ ಹಾಕಲಿಕ್ಕೇ ಮನಸ್ಸು ಬರುವುದಿಲ್ಲ ಎಂದರು. ಎಂದವರೇ ಪಂಚಿಂಗ್ ಮಶೀನಿಗಿಟ್ಟು ಕಟಕ್ ಅಂತ ಒತ್ತಿದರು. ಎರಡು ತೂತೂ ಸರಿಯಾಗಿ ಚಿತ್ತಾರದ ಬಾಸಿಂಗದ ಮೇಲೇ ಬಿದ್ದವು.

ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ. ಅವರು ದಿನಾ ನಿಮ್ಮ ಪೇಪರ್ ಓದುತ್ತಾರೆ, ಹಾಗಾಗಿ ದಯವಿಟ್ಟು ನನ್ನ ಹೆಸರು ಹಾಕಬೇಡಿ.

— ಓದುಗಳು, ಸಾಗರ ತಾಲ್ಲೂಕು