ಭಾನುವಾರದ ಮಾತುಕತೆ: ಕಲೆಗೂ ರಾಜಕೀಯಕ್ಕೂ ಏನು ಸಂಬಂಧ?

ಎಲ್ಲರಿಗೂ ನಮಸ್ಕಾರ. "ಕಲೆಯಲ್ಲಿ ಸ್ತ್ರೀವಾದ, ರಾಜಕೀಯ ಎಲ್ಲಾ ಯಾಕೆ ತರ್ತೀರಿ?" ಅಂತ ಗುಂಪಿನಲ್ಲಿ ಕೆಲವರು ಕೇಳಿದ್ದೀರಿ. ಭಾನುವಾರ ಅದನ್ನೇ ಮಾತಾಡೋಣ.

ಬರುವ ಮುಂಚೆ ಇದನ್ನು ಯೋಚಿಸಿ. 1985ರಲ್ಲಿ ನ್ಯೂಯಾರ್ಕ್‌ನಲ್ಲಿ ಗೆರಿಲ್ಲಾ ಗರ್ಲ್ಸ್ ಅನ್ನೋ ಕಲಾವಿದೆಯರ ತಂಡ ಶುರುವಾಯಿತು. ಗೊರಿಲ್ಲಾ ಮುಖವಾಡ ಹಾಕಿಕೊಂಡು, ತೀರಿಹೋದ ಕಲಾವಿದೆಯರ ಹೆಸರಿಟ್ಟುಕೊಂಡು ಕೆಲಸ ಮಾಡಿದವರು ಇವರು. 1989ರಲ್ಲಿ ಅದೇ ಊರಿನ ದೊಡ್ಡ ಕಲಾ ಸಂಗ್ರಹಾಲಯ ಮೆಟ್ರೊಪಾಲಿಟನ್ ಮ್ಯೂಸಿಯಂನ ಲೆಕ್ಕ ಹಾಕಿ ಪೋಸ್ಟರ್ ಮಾಡಿದರು: ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದೆಯರು ಶೇ 5ಕ್ಕಿಂತ ಕಡಿಮೆ, ನಗ್ನ ಚಿತ್ರಗಳಲ್ಲಿ ಕಾಣುವವರಲ್ಲಿ ಮಾತ್ರ ಶೇ 85 ಹೆಂಗಸರೇ! ಯಾರ ಚಿತ್ರ ಕೊಳ್ಳಬೇಕು, ಯಾವುದು ಗೋಡೆ ಮೇಲೆ ಇರಬೇಕು, ಯಾವುದು ಉಗ್ರಾಣಕ್ಕೆ ಹೋಗಬೇಕು ಅಂತ ಯಾರೋ ಕೂತು ತೀರ್ಮಾನ ಮಾಡುತ್ತಾರಲ್ಲ, ರಾಜಕೀಯ ಇರುವುದೇ ಅಲ್ಲಿ. ಚಿತ್ರದಲ್ಲಿ ಘೋಷಣೆ ಬರೆದರೆ ಮಾತ್ರ ರಾಜಕೀಯ ಅಂತ ಅಲ್ಲ.

17ನೇ ಶತಮಾನದ ಡಚ್ ಕಲಾವಿದೆ ಯೂಡಿತ್ ಲೈಸ್ಟರ್ ಬಗ್ಗೆಯೂ ಓದಿಕೊಂಡು ಬನ್ನಿ. ಆಕೆಯ ಚಿತ್ರಗಳು 1893ರ ತನಕ ಹೆಚ್ಚಾಗಿ ಆಕೆಯ ಕಾಲದ ಪ್ರಸಿದ್ಧ ಚಿತ್ರಕಾರ ಫ್ರಾನ್ಸ್ ಹಾಲ್ಸ್ ಹೆಸರಿನಲ್ಲೇ ಓಡಾಡಿದವು. ನನಗಂತೂ ಇದು ಸಂಕಟ, ಸಿಟ್ಟು ಎರಡೂ ತರಿಸುತ್ತದೆ.

ಒಪ್ಪದವರೂ ಖಂಡಿತ ಬನ್ನಿ, ವಾದ ಮಾಡಿ. ಸುಮ್ನೆ ಫಾರ್ವರ್ಡ್ ಹಾಕಬೇಡಿ, ನಿಮ್ಮ ಅಭಿಪ್ರಾಯ ಎರಡು ಸಾಲಾದರೂ ಸರಿ, ಶನಿವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.