ಟಿಬಿ ಪಟ್ಟಿ ರೇಷನ್ ಕಾರ್ಡಿಗೇ ನಿಲ್ಲದಿರಲಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ಟಿಬಿ ಬಗ್ಗೆ ಪತ್ರ ಅಂದ ಕೂಡಲೇ ನಿಮ್ಮ ಕಚೇರಿಯವರು ಇದನ್ನು ಆರೋಗ್ಯ ಇಲಾಖೆಗೆ ಕಳಿಸಿಬಿಡಬಹುದು. ದಯವಿಟ್ಟು ಕಳಿಸಬೇಡಿ. ಆ ಇಲಾಖೆಯ ಹತ್ತಿರ ಮಾತ್ರೆ ಇದೆ, ಕಫ ಪರೀಕ್ಷೆಯ ಯಂತ್ರ ಇದೆ, ಎಕ್ಸ್‌ರೇ ಇದೆ. ಇಲ್ಲದಿರುವುದು ಫ್ಯಾಕ್ಟರಿ ಗೇಟು, ಲೇಬರ್ ಶೆಡ್ಡು, ಕಂಪನಿ ಹಾಸ್ಟೆಲ್ಲುಗಳ ಒಳಗೆ ಕಾಲಿಡುವ ಅಧಿಕಾರ. ಅದು ಇರುವುದು ನಿಮ್ಮ ಇನ್‌ಸ್ಪೆಕ್ಟರುಗಳ ಕೈಯಲ್ಲಿ.

ನಾನು ಬೆಂಗಳೂರಿನ ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು. ಈಗ ಮನೆಯಲ್ಲೇ ಹೊಲಿಯುತ್ತೇನೆ. ಬೀದಿಯ ಹುಡುಗಿಯರ ಜೊತೆ ಆಸ್ಪತ್ರೆ, ಇಎಸ್‌ಐ (ಕಾರ್ಮಿಕರ ವಿಮೆ) ಅಂತ ಓಡಾಡುವುದೂ ಅಭ್ಯಾಸವಾಗಿಬಿಟ್ಟಿದೆ.

ಹೋದ ವರ್ಷ ರಾಯಚೂರು ಕಡೆಯ ಒಬ್ಬ ಹುಡುಗಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾಯಿತು. ಅವಳಿದ್ದದ್ದು ಹತ್ತಡಿ ಉದ್ದ, ಹನ್ನೆರಡಡಿ ಅಗಲದ ರೂಮು. ಐದು ಜನ, ಒಂದೇ ಕಿಟಕಿ. ಅದಕ್ಕೂ ರಟ್ಟು ಹೊಡೆದಿದ್ದರು. ಸೊಳ್ಳೆಗೆ ಅಂತ ಹೇಳುತ್ತಿದ್ದರು, ಆದರೆ ಬೀದಿಯ ಗಂಡಸರ ಕಣ್ಣು ತಪ್ಪಿಸುವುದಕ್ಕೂ ಹೌದು. ಆರೋಗ್ಯ ಕೇಂದ್ರದಿಂದ ಬಂದವರು, ಜೊತೆಗಿದ್ದು ಪರೀಕ್ಷೆ ಮಾಡಿಸಬೇಕಾದವರ ಪಟ್ಟಿಗೆ ಅಂತ ಫಾರ್ಮ್ ತೆಗೆದು "ಮನೇಲಿ ಯಾರ್‍ಯಾರು ಇದೀರಮ್ಮಾ?" ಅಂತ ಕೇಳಿದರು. "ಅಪ್ಪ, ಅವ್ವ, ತಮ್ಮ. ಊರಾಗ ಅದಾರ್ರಿ" ಅಂದಳು. ಮೂರು ಹೆಸರು ಬರೆದುಕೊಂಡರು. ಅವಳು ಊರಿನ ಮುಖ ನೋಡಿ ಎಷ್ಟೋ ತಿಂಗಳಾಗಿತ್ತು. ದಿನಾ ರಾತ್ರಿ ಅವಳ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದ ನಾಲ್ಕು ಜನ ಅಲ್ಲೇ ಇದ್ದರು. ಒಬ್ಬಳು ಬಾಗಿಲ ಹತ್ತಿರ ಕೂತು ಅನ್ನ ಬಸಿಯುತ್ತಿದ್ದಳು. ಅವರಲ್ಲಿ ಒಬ್ಬರ ಹೆಸರೂ ಫಾರ್ಮಿಗೆ ಬರಲಿಲ್ಲ.

ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಸುತ್ತೋದಕ್ಕೆ ಅವರಿಗೆ ಬೇಕಾದಷ್ಟು ಮನೆಗಳಿವೆ. ಆದರೆ ನಿಯಮ ಏನು ಹೇಳುತ್ತದೆ ನೋಡಿ. ಟಿಬಿ ಬಾರದಂತೆ ಮೊದಲೇ ಮಾತ್ರೆ ಕೊಡುವ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಚಿಕಿತ್ಸೆ ಶುರುವಾಗುವುದಕ್ಕೆ ಹಿಂದಿನ ಮೂರು ತಿಂಗಳಲ್ಲಿ ರೋಗಿಯ ಜೊತೆ ಒಂದೇ ಸೂರಿನಡಿ ಒಂದು ರಾತ್ರಿ ಮಲಗಿದ್ದರೂ ಅವರು 'ಮನೆಯವರು'. ರಕ್ತಸಂಬಂಧ ಬೇಕಿಲ್ಲ, ರೇಷನ್ ಕಾರ್ಡಿನಲ್ಲಿ ಹೆಸರಿರಬೇಕಿಲ್ಲ. ಕೆಲಸದ ಜಾಗದಲ್ಲಿ ದಿನವೆಲ್ಲ ಒಂದೇ ಕಡೆ ಕೂರುವವರೂ ಹತ್ತಿರದ ಸಂಪರ್ಕದವರೇ. ಕಾಗದದಲ್ಲಿ ಎಲ್ಲ ಸರಿಯಾಗಿದೆ. ರೂಮಿಗೆ ಬರುವಷ್ಟರಲ್ಲಿ ಅದು 'ಅಪ್ಪ, ಅವ್ವ, ತಮ್ಮ' ಆಗಿಬಿಡುತ್ತದೆ.

ಟಿಬಿ ಹರಡುವುದು ಗಾಳಿಯಿಂದ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಮಾತಾಡಿದಾಗ, ಹಾಡಿದಾಗ ಕಣ್ಣಿಗೆ ಕಾಣದ ಹನಿಗಳು ಹೊರಗೆ ಬರುತ್ತವೆ. ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ. ಸಣ್ಣವು ಒಣಗಿ, ಮುಚ್ಚಿದ ರೂಮಿನಲ್ಲಿ ಊದುಬತ್ತಿಯ ಹೊಗೆಯ ಹಾಗೆ ಗಂಟೆಗಟ್ಟಲೆ ತೇಲುತ್ತಾ ಇರುತ್ತವೆ. ಬಸ್ಸಿನಲ್ಲಿ ಒಂದು ಸಲ ಪಕ್ಕದಲ್ಲಿ ಕೂತರೆ ಬಂದೇಬಿಡುತ್ತೆ ಅಂತೇನಿಲ್ಲ. ದಿನಾ ಅದೇ ಗಾಳಿಯನ್ನು ತಾಸುಗಟ್ಟಲೆ ಉಸಿರಾಡುವವರಿಗೆ ಅಪಾಯ ಜಾಸ್ತಿ. ಕುತ್ತಿಗೆಯ ಗಂಟಿನ ಟಿಬಿ, ಮೂಳೆಯ ಟಿಬಿ ಹೀಗೆ ಹರಡುವುದಿಲ್ಲ.

ಜನ ಮಾಡುವುದು ಉಲ್ಟಾ. ಟಿಬಿ ಅಂತ ಗೊತ್ತಾದ ದಿನವೇ ಆ ಹುಡುಗಿಯ ತಟ್ಟೆ ಲೋಟ ಬೇರೆಯಾಯಿತು. ಬಟ್ಟೆ ಒಗೆಯುವ ಬಕೆಟ್ ಬೇರೆಯಾಯಿತು. ಕಿಟಕಿಯ ರಟ್ಟು ಮಾತ್ರ ಹಾಗೇ ಇತ್ತು! ತಟ್ಟೆಯಿಂದ, ಬಟ್ಟೆಯಿಂದ, ಕೈ ಕುಲುಕುವುದರಿಂದ ಟಿಬಿ ಬರುವುದಿಲ್ಲ. ಇದು ಇವತ್ತಿನ ಸಂಶೋಧನೆಯೇನಲ್ಲ. 1950ರ ದಶಕದಲ್ಲೇ ಅಮೆರಿಕದ ಬಾಲ್ಟಿಮೋರ್‌ನಲ್ಲಿ ರಿಚರ್ಡ್ ರೈಲಿ, ವಿಲಿಯಂ ವೆಲ್ಸ್ ಮತ್ತವರ ಜೊತೆಗಾರರು ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು, ಗಿನಿಯಿಲಿಗಳನ್ನಿಟ್ಟ ಕೋಣೆಗೆ ಬಿಟ್ಟರು. ರೋಗಿಗಳನ್ನು ಇಲಿಗಳು ನೋಡಲೂ ಇಲ್ಲ, ಮುಟ್ಟಲೂ ಇಲ್ಲ. ಆದರೂ ಸೋಂಕು ತಗಲಿತು. ಅದೇ ಗಾಳಿಗೆ ನೇರಳಾತೀತ ಬೆಳಕು ಹಾಯಿಸಿ ಇನ್ನೊಂದು ಕೋಣೆಗೆ ಬಿಟ್ಟಾಗ ಅಲ್ಲಿನ ಇಲಿಗಳಿಗೆ ಏನೂ ಆಗಲಿಲ್ಲ.

ಇದು ಬಡವರ ಕಾಯಿಲೆ ಅಂತ ನೀವು ಅಂದುಕೊಂಡಿರಲಾರಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯದಿಂದಲೇ ತೀರಿಕೊಂಡದ್ದು. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಅನ್ನುವ ಕ್ಷಯದ ಆಸ್ಪತ್ರೆ ಆ ರಾಜಕುಮಾರಿಯ ಹೆಸರಿನದು. ಅರಮನೆಯಲ್ಲೇ ತಾಯಿಮಕ್ಕಳು ಉಳಿಯಲಿಲ್ಲ ಅಂದಮೇಲೆ ಹತ್ತಡಿ ರೂಮಿನ ಕಥೆ ಹೇಳಬೇಕಾ?

ಹಾಗಂತ ರೋಗಿಯನ್ನು ರೂಮಿನಿಂದ ಆಚೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಈ ಪತ್ರ ಓದಿ ಯಾವ ಓನರ್ರೂ ಹಾಗೆ ಮಾಡಬಾರದು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದವರು ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿಟ್ಟರು. ಇನ್ನು ಕೆಲವರಿಗೆ ಅವರವರ ಕಿಕ್ಕಿರಿದ ಮನೆಗಳಲ್ಲೇ ಮಾತ್ರೆ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಗುಣವಾದರು. ಇನ್ನೂ ಮುಖ್ಯವಾದ ಸಂಗತಿ, ರೋಗಿ ಮನೆಯಲ್ಲೇ ಉಳಿದದ್ದರಿಂದ ಮನೆಯವರಿಗೆ ಹೆಚ್ಚು ಟಿಬಿ ಬರಲಿಲ್ಲ. ಅಪಾಯ ಹೆಚ್ಚಾಗಿ ಇದ್ದದ್ದು ಮಾತ್ರೆ ಶುರುವಾಗುವ ಮುಂಚೆ. ಸರಿಯಾದ ಔಷಧಿ ಬಿದ್ದ ಮೇಲೆ ಸಾಮಾನ್ಯವಾಗಿ ಎರಡು ವಾರದಲ್ಲಿ ಹರಡುವ ಶಕ್ತಿ ತುಂಬಾ ಕುಗ್ಗುತ್ತದೆ. ಔಷಧಿಗೆ ಬಗ್ಗದ ಟಿಬಿಯಾದರೆ ಮಾತ್ರ ಲೆಕ್ಕ ಬೇರೆ.

ಹಾಗಾಗಿ ನೋಡಬೇಕಾದ್ದು ಕೆಮ್ಮು ಶುರುವಾದ ದಿನದಿಂದ ಮೊದಲ ಮಾತ್ರೆ ನುಂಗುವ ದಿನದವರೆಗಿನ ಸಮಯ. ಈ ಸಮಯ ಉದ್ದವಾಗುವುದು ಎಲ್ಲಿ ಗೊತ್ತಾ? ನಿಮ್ಮ ಇಲಾಖೆಯ ಅಂಗಳದಲ್ಲಿ. ಒಂದು ದಿನ ರಜೆ ಹಾಕಿದರೆ ಸಂಬಳ ಕಟ್. ಜೊತೆಗೆ ಹಾಜರಾತಿ ಬೋನಸ್ಸೂ ಹೋಯಿತು. ಲೈನಿನಲ್ಲಿ ಟಾರ್ಗೆಟ್ ಮುಗಿಯದಿದ್ದರೆ ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಕೆಮ್ಮಿಗೆ ಮೆಡಿಕಲ್ ಸ್ಟೋರಿನಲ್ಲಿ ಒಂದು ಸಿರಪ್ ತಗೊಂಡು ಮತ್ತೆ ಮೆಷೀನಿಗೆ ಕೂರುತ್ತಾರೆ. ಕಫ ಕೊಟ್ಟು ಬರುವುದು ಅರ್ಧ ದಿನದ ಕೆಲಸ. ಆ ಅರ್ಧ ದಿನ ಸಿಗದೆ ಎರಡು ಮೂರು ತಿಂಗಳು ಹೋಗುತ್ತದೆ. ಅಷ್ಟು ದಿನವೂ ರಾತ್ರಿ ಅದೇ ರೂಮು.

ಕೆಮ್ಮು ಇದ್ದವರನ್ನಷ್ಟೇ ಕೇಳಿದರೂ ಸಾಲದು. 2019-21ರ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯದೇ ಇದ್ದಿದ್ದರೆ ಪತ್ತೆಯಾದವರಲ್ಲಿ ಶೇ. 42.6 ಜನ ತಪ್ಪಿಹೋಗುತ್ತಿದ್ದರು. ರೋಗಲಕ್ಷಣ ಇದ್ದವರಲ್ಲೂ ಶೇ. 64 ಜನ ಡಾಕ್ಟರ ಹತ್ತಿರ ಹೋಗಿರಲೇ ಇಲ್ಲ. ಹೋದವರ ಪಾಡೂ ಮೊದಲಿಂದ ಅಷ್ಟಕ್ಕಷ್ಟೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಅರವತ್ತರ ದಶಕದಲ್ಲಿ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ ವಿಚಾರಿಸಿದಾಗ, ಟಿಬಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು ಅಷ್ಟೇ. ಜನಕ್ಕೆ ತಿಳುವಳಿಕೆ ಇಲ್ಲ ಅಂತ ಭಾಷಣ ಮಾಡುವವರಿಗೆ ಇದನ್ನು ಸ್ವಲ್ಪ ತೋರಿಸಿ.

ಈಗ ಕಾನೂನಿನ ಮಾತು. 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಗಾಳಿಯ ಬೆಲೆ ಗೊತ್ತಿತ್ತು. ಕೆಲಸದ ಕೋಣೆಯಲ್ಲಿ ಒಬ್ಬ ಕಾರ್ಮಿಕನಿಗೆ ಕನಿಷ್ಠ 14.2 ಘನ ಮೀಟರ್ ಜಾಗ ಇರಬೇಕು ಅಂತ ಬರೆದರು. ಆ ಹುಡುಗಿಯ ರೂಮಿನ ಎತ್ತರ ಒಂಬತ್ತು ಅಡಿ ಅಂತ ಹಿಡಿಯಿರಿ. ಒಬ್ಬೊಬ್ಬರಿಗೆ ಬರುವುದು ಸುಮಾರು 6 ಘನ ಮೀಟರ್. ಹಗಲು ಹೊಲಿಯುವಾಗ ಸಿಗುವ ಜಾಗದ ಅರ್ಧವೂ ರಾತ್ರಿ ಮಲಗುವಾಗ ಇಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮಾಲೀಕರು ಬಿಟ್ಟಿ ವಸತಿ ಕೊಡಬೇಕು ಅಂತ ಹೇಳಿತು. ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಜಾಗ ಬೇಕು ಅಂತಲೂ ಹೇಳಿತು. ತಗಡಿನ ಶೆಡ್ಡುಗಳನ್ನು ನೀವೂ ನೋಡಿರುತ್ತೀರಿ. ಮೇಲೆ ತಗಡು, ಸುತ್ತ ತಗಡು, ಬಾಗಿಲು ಬಿಟ್ಟರೆ ಗಾಳಿಗೆ ದಾರಿಯಿಲ್ಲ. ಹಳೆ ಕಾಯ್ದೆಗಳ ಜಾಗಕ್ಕೆ ಬಂದ 2020ರ ಸಂಹಿತೆಗಳ ಕೆಳಗೆ ನಿಯಮ ಮಾಡುವ ಅಧಿಕಾರ ರಾಜ್ಯಕ್ಕೂ ಇದೆ. ಕಾರ್ಮಿಕರು ಮಲಗುವ ಜಾಗಕ್ಕೆ ಎದುರುಬದುರು ಎರಡು ಕಿಟಕಿ, ಒಬ್ಬೊಬ್ಬರಿಗೆ ಇಷ್ಟು ಗಾಳಿ ಅಂತ ಆ ನಿಯಮದಲ್ಲಿ ಬರೆಸಿ. ಕಿಟಕಿಗೆ ಸೊಳ್ಳೆ ಬಲೆಯನ್ನೂ ಸೇರಿಸಿ, ಇಲ್ಲದಿದ್ದರೆ ಮತ್ತೆ ರಟ್ಟು ಹೊಡೆಯುತ್ತಾರೆ.

ರಜೆಯದ್ದೂ ಹೀಗೇ. ಎರಡು ವರ್ಷ ಇಎಸ್‌ಐ ಕಟ್ಟಿದವರಿಗೆ ಟಿಬಿ ಬಂದರೆ ಸಂಬಳದ ಶೇ. 80ರಷ್ಟು ದೀರ್ಘ ಕಾಯಿಲೆ ಭತ್ಯೆ ಸಿಗುತ್ತದೆ. ಒಳ್ಳೆ ಸೌಲಭ್ಯ. ಆದರೆ ವರ್ಷಕ್ಕೊಂದು ಕಂಪನಿ ಬದಲಾಯಿಸುವ ಹೆಲ್ಪರ್‌ಗೆ, ಮೇಸ್ತ್ರಿ ಕೈಕೆಳಗೆ ಸಿಮೆಂಟ್ ಹೊರುವವರಿಗೆ ಅದು ಎಲ್ಲಿಂದ ಸಿಗಬೇಕು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಹತ್ತಿರ, ಕಟ್ಟಡ ಕಟ್ಟಿಸುವವರಿಂದ ವಸೂಲು ಮಾಡಿದ ಸೆಸ್ ದುಡ್ಡಿದೆ. ಮಾತ್ರೆ ಶುರುವಾದ ಮೊದಲ ತಿಂಗಳ ಕೂಲಿಯನ್ನಾದರೂ ಅದರಿಂದ ಕೊಡಿ. ಕೂಲಿ ಹೋಗುವುದಿಲ್ಲ ಅಂತ ಗೊತ್ತಾದರೆ ಜನ ಕೆಮ್ಮನ್ನು ಮುಚ್ಚಿಡುವುದಿಲ್ಲ.

ರೂಮಿನ ಉಳಿದವರಿಗೂ ದಾರಿಯಿದೆ. ಮೈಯಲ್ಲಿ ಟಿಬಿ ಕ್ರಿಮಿ ಹೊಕ್ಕವರೆಲ್ಲ ಕಾಯಿಲೆ ಬೀಳುವುದಿಲ್ಲ. ನೂರಕ್ಕೆ ಐದರಿಂದ ಹತ್ತು ಜನ ಬೀಳುತ್ತಾರೆ, ಅದರಲ್ಲೂ ಮೊದಲೆರಡು ವರ್ಷದಲ್ಲೇ ಜಾಸ್ತಿ. ಟಿಬಿ ಇಲ್ಲ ಅಂತ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡ ಮೇಲೆ, ವಾರಕ್ಕೊಂದು ಸಲದಂತೆ ಮೂರು ತಿಂಗಳು ಅಥವಾ ದಿನಾ ಆರು ತಿಂಗಳು ತಡೆ ಮಾತ್ರೆ ಕೊಡುತ್ತಾರೆ. ಸರ್ಕಾರದಲ್ಲಿ ಇದು ಉಚಿತ. ಊಟವೂ ಔಷಧಿಯೇ. ಜಾರ್ಖಂಡ್‌ನಲ್ಲಿ ನಡೆದ 'ರೇಷನ್ಸ್' ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದನ್ನು ಮುನ್ನಡೆಸಿದವರಲ್ಲಿ ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಇದ್ದಾರೆ. ಅಲ್ಲಿ ಒಂದು ಗುಂಪಿನ ರೋಗಿಗಳ ಮನೆಯ ದೊಡ್ಡವರಿಗೆ ತಲಾ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟರು. ಹೀಗೆ ಕೊಡದ ಮನೆಗಳಿಗಿಂತ ಈ ಮನೆಯವರಿಗೆ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಅಕ್ಕಿ ಕೊಡುವುದರಲ್ಲಿ ನಮ್ಮ ರಾಜ್ಯಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಇಲ್ಲಿಯೂ ಅದೇ ತೊಡಕು. ಅಕ್ಕಿ ರಾಯಚೂರಿನ ಕಾರ್ಡಿಗೆ ಹೋಗುತ್ತದೆ, ಹುಡುಗಿಯರು ಪೀಣ್ಯದಲ್ಲಿ ಚಿತ್ರಾನ್ನ ತಿಂದು ಶಿಫ್ಟಿಗೆ ಓಡುತ್ತಾರೆ.

ನೀವು ಮೊದಲು ಮಾಡಬೇಕಾದ್ದು ದೊಡ್ಡ ಯೋಜನೆಯಲ್ಲ, ಒಂದು ಸುತ್ತೋಲೆ. ಆರೋಗ್ಯ ಇಲಾಖೆಯ ಜೊತೆ ಸೇರಿ ಹೊರಡಿಸಿ. ಕಾರ್ಮಿಕರೊಬ್ಬರಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾದರೆ ರೂಮ್‌ಮೇಟುಗಳು, ಶೆಡ್ಡಿನವರು, ಲೈನಿನಲ್ಲಿ ಅಕ್ಕಪಕ್ಕ ಕೂರುವವರು ಪಟ್ಟಿಗೆ ಸೇರಬೇಕು. ಎಕ್ಸ್‌ರೇ ಗಾಡಿ ಬಂದರೆ ಗೇಟು ತೆಗೆಯಬೇಕು, ಪರೀಕ್ಷೆಯ ಸಮಯಕ್ಕೆ ಸಂಬಳ ಹಿಡಿಯಬಾರದು. ರೋಗಿಯ ಹೆಸರನ್ನು ಸೂಪರ್‌ವೈಸರ್‌ಗೆ ಹೇಳಬಾರದು, ಕೆಲಸದಿಂದ ತೆಗೆಯಬಾರದು. ಕೊನೆಯದ್ದು ಇಲ್ಲದಿದ್ದರೆ ಮೊದಲಿನ ಯಾವುದೂ ನಡೆಯುವುದಿಲ್ಲ, ಯಾರೂ ಬಾಯಿ ಬಿಡುವುದಿಲ್ಲ.

ಸುತ್ತೋಲೆ ಕನ್ನಡದ ಜೊತೆ ಹಿಂದಿ, ಒಡಿಯಾ, ಬಂಗಾಳಿಯಲ್ಲೂ ಇರಲಿ. ನಮ್ಮ ಬೀದಿಯ ರೂಮುಗಳಲ್ಲಿ ಈಗ ಆ ಭಾಷೆಗಳೂ ಕೇಳಿಸುತ್ತವೆ. ಹೊರಡಿಸಿದ ಮೇಲೆ ಒಂದು ಪ್ರತಿಯನ್ನು ಪೀಣ್ಯದ ಫ್ಯಾಕ್ಟರಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಅಂಟಿಸಿದ್ದಾರಾ ಇಲ್ಲವಾ ಅಂತ ನಾವೇ ನೋಡಿ ನಿಮಗೆ ತಿಳಿಸುತ್ತೇವೆ.

ಇಂತಿ,
ಪೀಣ್ಯದ ಒಬ್ಬ ಮಾಜಿ ಗಾರ್ಮೆಂಟ್ಸ್ ಟೈಲರ್